24 ಕಿಲೋಮೀಟರ್ ಎಂಬ ಒಂದು ಸಂಖ್ಯೆ ನೋಡಿ ಕಾರು ಕೊಂಡೆ, ನೀವು ಹಾಗೆ ಮಾಡಬೇಡಿ

ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮೈಲೇಜ್ ಕೊಡುವ ಕಾರು ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನನಗೆ ಆದ ನಷ್ಟ ಇನ್ನೊಬ್ಬರಿಗೆ ಆಗಬಾರದು.

ನಮ್ಮ ಮನೆಗೆ ಕಾರು ಬೇಕಾಗಿದ್ದದ್ದು ಎರಡೇ ಕೆಲಸಕ್ಕೆ. ನಾನು ಕಚೇರಿಗೆ ಹೋಗಿ ಬರಬೇಕು, ಆಗಾಗ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕಚೇರಿ ಮನೆಯಿಂದ 4 ಕಿಲೋಮೀಟರ್. ಎಲ್ಲಾ ಸೇರಿಸಿದರೂ ವರ್ಷಕ್ಕೆ 4,000 ಕಿಲೋಮೀಟರ್ ದಾಟುವುದಿಲ್ಲ. ಒಂದೇ ಕಾರು ಪೆಟ್ರೋಲಿನಲ್ಲಿಯೂ ಇತ್ತು, ಡೀಸೆಲ್‌ನಲ್ಲಿಯೂ ಇತ್ತು. ಪೆಟ್ರೋಲ್ ಕಾರಿನ ಘೋಷಿತ ಮೈಲೇಜ್ ಲೀಟರಿಗೆ 19 ಕಿಲೋಮೀಟರ್, ಡೀಸೆಲ್ ಕಾರಿನದು 24. ಐದು ಕಿಲೋಮೀಟರ್ ಹೆಚ್ಚು! ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ. ಬೆಲೆ ಜಾಸ್ತಿಯಾದರೂ ಡೀಸೆಲ್ ಉಳಿತಾಯದಲ್ಲಿ ಎರಡು ಮೂರು ವರ್ಷಕ್ಕೆ ಬಂದುಬಿಡುತ್ತದೆ ಎಂದು ಮಾರಾಟ ಪ್ರತಿನಿಧಿ ಹೇಳಿದರು, ನಾನು ಒಪ್ಪಿದೆ.

ಆ ದಿನ ಕಾಗದದ ಮೇಲೆ ಎರಡು ಸಾಲಿನ ಲೆಕ್ಕ ಹಾಕಿದ್ದರೆ ಸಾಕಿತ್ತು. 4,000 ಕಿಲೋಮೀಟರಿಗೆ ಪೆಟ್ರೋಲ್ ಕಾರು ಕುಡಿಯುವುದು 210 ಲೀಟರ್, ಡೀಸೆಲ್ ಕಾರು 167 ಲೀಟರ್. ಅಂದರೆ ವರ್ಷಕ್ಕೆ ಉಳಿಯುವುದು 43 ಲೀಟರ್. ಎರಡು ಕಾರುಗಳ ಬೆಲೆಯ ಅಂತರದಲ್ಲಿ ಸುಮಾರು 900 ಲೀಟರ್ ಪೆಟ್ರೋಲ್ ಬರುತ್ತಿತ್ತು. ಡೀಸೆಲ್ ದರ ಸ್ವಲ್ಪ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಕೊಟ್ಟ ಹೆಚ್ಚುವರಿ ಹಣ ವಾಪಸ್ ಬರಲು ಹದಿನೈದು ವರ್ಷ ಬೇಕಿತ್ತು. ಅದೂ ಘೋಷಿಸಿದಷ್ಟೇ ಮೈಲೇಜ್ ಸಿಕ್ಕಿದ್ದರೆ.

ಸಿಗಲಿಲ್ಲ. ಮೊದಲ ತಿಂಗಳಿನಿಂದಲೇ 13, 14ರ ಆಸುಪಾಸಿನಲ್ಲಿ ನಿಂತಿತು. ಹೊಸ ಎಂಜಿನ್, ಸ್ವಲ್ಪ ಓಡಲಿ, ಸರಿಹೋಗುತ್ತದೆ ಎಂದರು. ಕಾದೆ. ಹನ್ನೊಂದನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಅಮ್ಮನನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಹಿಂದೆಯೇ ಎಂಜಿನ್ ದೀಪವೂ ಹತ್ತಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕಾರು ವೇಗ ಹಿಡಿಯಲಿಲ್ಲ. ಏರು ರಸ್ತೆ, ಹಿಂದೆ ಲಾರಿ, ಪಕ್ಕದಲ್ಲಿ ಉಸಿರಾಟದ ತೊಂದರೆಯಿಂದ ಕಂಗಾಲಾದ ಅಮ್ಮ. ಎರಡನೆಯ ಗೇರಿನಲ್ಲಿ ತೆವಳಿಕೊಂಡು ಆಸ್ಪತ್ರೆ ತಲುಪಿದೆವು. ಅಮ್ಮನಿಗೆ ಏನೂ ಆಗಲಿಲ್ಲ ಎಂಬುದೊಂದೇ ಸಮಾಧಾನ.

ಮಾರಿದವರ ಸರ್ವೀಸ್ ಕೇಂದ್ರದಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಜರಡಿ) ಕಟ್ಟಿಕೊಂಡಿದೆ ಎಂದಷ್ಟೇ ಹೇಳಿದರು. ಏಕೆ ಎಂದು ಬಿಡಿಸಿ ಹೇಳಿದವರು ನಮ್ಮ ಪರಿಚಯದ ಹಿರಿಯ ಮೆಕ್ಯಾನಿಕ್. ಅವರು ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ನನ್ನ ಮುಂದೆ ಹಿಡಿದರು. ಕಡ್ಡಿಯ ಮೇಲೆ ಎರಡು ಗುರುತುಗಳಿರುತ್ತವೆ, ಆಯಿಲ್ ಅವುಗಳ ನಡುವೆ ಇರಬೇಕು. ನನ್ನ ಕಾರಿನಲ್ಲಿ ಮೇಲಿನ ಗುರುತನ್ನೂ ದಾಟಿ ಒಂದು ಬೆರಳಿನಷ್ಟು ಮೇಲೆ ಬಂದಿತ್ತು. ನೀರಿನ ಹಾಗೆ ತೆಳ್ಳಗಾಗಿ ಕಡ್ಡಿಯಿಂದ ತೊಟ್ಟಿಕ್ಕುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ.

“ಆಯಿಲ್ ಕಡಿಮೆಯಾದರೆ ಎಲ್ಲರೂ ಹೆದರುತ್ತಾರೆ ಸರ್. ಹೆಚ್ಚಾದರೆ ಇನ್ನೂ ಹೆದರಬೇಕು” ಎಂದರು. ಆಮೇಲೆ ಕೇಳಿದರು: “ನೀವು ಒಂದು ಸಲ ಹೊರಟರೆ ಎಷ್ಟು ದೂರ ಹೋಗುತ್ತೀರಿ?” ನಾನು ನಾಲ್ಕು ಕಿಲೋಮೀಟರ್ ಎಂದೆ. ಅವರು ಕಡ್ಡಿಯನ್ನು ಒಳಗೆ ಇಟ್ಟು ಬಾನೆಟ್ ಮುಚ್ಚಿದರು. ಕಾರು ಕೊಳ್ಳುವಾಗ ಯಾರಾದರೂ ಈ ಪ್ರಶ್ನೆಯನ್ನು ಕೇಳಿದ್ದರೆ!

ಈಗಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಜರಡಿ ಇರುತ್ತದೆ, ಅದೇ ಡಿಪಿಎಫ್. ಮಸಿ ತುಂಬಿದಾಗ ಅದನ್ನು ಸುಟ್ಟು ಖಾಲಿ ಮಾಡಬೇಕು. ಅದಕ್ಕೆ ಜರಡಿಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೆದ್ದಾರಿಯಲ್ಲಿ ಸತತವಾಗಿ ಓಡುವ ಕಾರಿಗೆ ಇದು ಸಮಸ್ಯೆಯೇ ಅಲ್ಲ. ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಎಂಜಿನ್ನೇ ಸರಿಯಾಗಿ ಬಿಸಿಯಾಗಿರುವುದಿಲ್ಲ. ಆಗ ಕಾರು ತಾನಾಗಿಯೇ ಹೆಚ್ಚುವರಿ ಡೀಸೆಲ್ ಸುರಿದು ಬಿಸಿ ಏರಿಸಲು ನೋಡುತ್ತದೆ. ಕೆಲಸ ಅರ್ಧವಾಗುವಷ್ಟರಲ್ಲಿ ನಾನು ಕಚೇರಿ ತಲುಪಿ ಕೀಲಿ ತಿರುಗಿಸಿಬಿಡುತ್ತಿದ್ದೆ. ಸಂಜೆ ಮತ್ತೆ ಮೊದಲಿನಿಂದ ಶುರು. ನನ್ನ ಕಾರಿನಂಥ ಅನೇಕ ಕಾರುಗಳಲ್ಲಿ ಈ ಹೆಚ್ಚುವರಿ ಡೀಸೆಲ್ ಎಂಜಿನ್ನಿನ ಒಳಗೇ ಹೋಗುತ್ತದೆ. ಉರಿಯದೆ ಉಳಿದ ಪಾಲು ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಮೈಲೇಜ್ ಬೀಳುವುದಕ್ಕೆ ಇದೂ ಒಂದು ಕಾರಣ, ಆಯಿಲ್ ತನ್ನ ಗುಣ ಕಳೆದುಕೊಂಡು ಎಂಜಿನ್ ಸವೆಯುವುದೂ ಇದರಿಂದಲೇ.

ವಾರಂಟಿ ಕೇಳಿದೆ. ಇದು ತಯಾರಿಕೆಯ ದೋಷವಲ್ಲ, ಬಳಕೆಯ ರೀತಿಯಿಂದ ಆದದ್ದು ಎಂದು ಕೈ ಚೆಲ್ಲಿದರು. ಕಾರಿನ ಕೈಪಿಡಿ ತೆರೆದು ನೋಡಿದರೆ, ಆ ಹಳದಿ ದೀಪ ಹತ್ತಿದಾಗ ತುಸು ವೇಗವಾಗಿ, ನಿಲ್ಲಿಸದೆ ಹದಿನೈದು ಇಪ್ಪತ್ತು ನಿಮಿಷ ಓಡಿಸಬೇಕು ಎಂದು ಬರೆದಿದೆ. ಸಣ್ಣ ದೂರದ ಓಡಾಟಕ್ಕೇ ಹೆಚ್ಚಾಗಿ ಬಳಸಿದರೆ ತೊಂದರೆ ಬರಬಹುದು ಎಂದೂ ಬರೆದಿದೆ. ಕೊಂಡ ಮೇಲೆ ಕೈಗೆ ಬರುವ ಪುಸ್ತಕದಲ್ಲಿ ಇಷ್ಟು ಮುಖ್ಯವಾದ ವಿಷಯ ಇದ್ದರೆ ಏನು ಪ್ರಯೋಜನ? ಕೊಳ್ಳುವ ಮೊದಲು ಹೇಳಬೇಕಾದದ್ದನ್ನು ಹೇಳದೆ ಮಾರಿದ್ದು ತಪ್ಪು ಎಂದು ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ಕೊಳ್ಳುವ ಕಾರಿನ ಕೈಪಿಡಿಯನ್ನು ಮೊದಲೇ ತರಿಸಿಕೊಂಡು ಓದಿ. ಬಹಳಷ್ಟು ಕಂಪನಿಗಳು ಅದನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿರುತ್ತವೆ.

ಇನ್ನು ಟೆಸ್ಟ್ ಡ್ರೈವ್. ಪ್ರತಿನಿಧಿ ಮೊದಲು ತಾವೇ ಓಡಿಸಿದರು. ಎಂಜಿನ್ ಆಗಲೇ ಬಿಸಿಯಾಗಿತ್ತು. ಅಗಲವಾದ ಖಾಲಿ ರಸ್ತೆಗೆ ಬಂದು, ಮೇಲಿನ ಗೇರಿಗೆ ಹಾಕಿ, ವೇಗ 60ರಲ್ಲಿ ನಿಂತ ಮೇಲೆ ಮೈಲೇಜ್ ತೋರಿಸುವ ಗುಂಡಿಯನ್ನು ಒತ್ತಿ ಸೊನ್ನೆಗೆ ತಂದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ 26 ಬಂತು. “ನೋಡಿ, ಹೇಳಿದ್ದಕ್ಕಿಂತ ಹೆಚ್ಚೇ ಇದೆ” ಎಂದರು. ಹೊರಡುವಾಗ ಕುಡಿಯುವ ಇಂಧನ, ಸಿಗ್ನಲ್‌ನಲ್ಲಿ ನಿಂತು ಕುಡಿಯುವ ಇಂಧನ ಯಾವುದೂ ಆ 26ರಲ್ಲಿ ಇರಲಿಲ್ಲ. ನೀವು ಹೋದಾಗ ತಣ್ಣಗಿರುವ ಕಾರನ್ನೇ ಕೇಳಿ. ನೀವು ದಿನಾ ಓಡಾಡುವ ದಾರಿಯಲ್ಲೇ, ಓಡಾಡುವ ಹೊತ್ತಿನಲ್ಲೇ, ಎಸಿ ಹಾಕಿಕೊಂಡು ಓಡಿಸಿ. ಗುಂಡಿಯನ್ನು ಹೊರಡುವ ಮೊದಲೇ ಒತ್ತಿ.

ಘೋಷಿತ ಮೈಲೇಜ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ನಿಲ್ಲಿಸಿದ ಕಾರಿನ ಲೆಕ್ಕ. ಯುರೋಪಿನ ಹಳೆಯ ಪರೀಕ್ಷೆಯಾದ ಎನ್‌ಇಡಿಸಿಯಲ್ಲಿ ಕಾರು 20 ನಿಮಿಷದಲ್ಲಿ ಸುಮಾರು 11 ಕಿಲೋಮೀಟರ್ ಓಡಿದರೆ ಆಯಿತು, ವೇಗ ಏರಿಸುವುದೂ ಬಹಳ ನಿಧಾನ. ಅದು ನಿಜವಾದ ರಸ್ತೆಗೆ ಹೊಂದುವುದಿಲ್ಲ ಎಂಬ ದೂರು ಹೆಚ್ಚಿದ ಮೇಲೆ 2017ರಿಂದ ಅಲ್ಲಿ ಡಬ್ಲ್ಯೂಎಲ್‌ಟಿಪಿ ಎಂಬ ಹೊಸ ಪರೀಕ್ಷೆ ಬಂತು: 30 ನಿಮಿಷ, 23 ಕಿಲೋಮೀಟರ್, ಗರಿಷ್ಠ ವೇಗ 131. ಎರಡರಲ್ಲಿಯೂ ಎಸಿ ಆರಿಸಿರುತ್ತಾರೆ. ಅಮೆರಿಕದಲ್ಲಿ 2008ರ ಮಾದರಿಗಳಿಂದ ಎಸಿ, ಚಳಿ, ಹೆಚ್ಚು ವೇಗ ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಆರಂಭಿಸಿದರು. ಹಾಗಾಗಿ ಒಂದು ಕಾರಿನ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸುವಾಗ ಎರಡೂ ಒಂದೇ ಪರೀಕ್ಷೆಯವೇ ಎಂದು ನೋಡಿಕೊಳ್ಳಿ. ಬೇರೆ ಬೇರೆ ಪರೀಕ್ಷೆಯ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಅದನ್ನು ಬದಿಗೆ ಸರಿಸಿ.

ಕಿಲೋಮೀಟರ್ ಲೆಕ್ಕವೇ ನಮ್ಮ ಕಣ್ಣು ಕಟ್ಟುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಲೀಟರಿಗೆ 20 ಕೊಡುವ ಕಾರಿನಿಂದ 25 ಕೊಡುವ ಕಾರಿಗೆ ಬಂದರೆ 10,000 ಕಿಲೋಮೀಟರಿಗೆ 100 ಲೀಟರ್ ಉಳಿಯುತ್ತದೆ. 10 ಕೊಡುವ ಕಾರಿನಿಂದ 12 ಕೊಡುವ ಕಾರಿಗೆ ಬಂದರೆ ಉಳಿಯುವುದು 167 ಲೀಟರ್! ಐದಕ್ಕಿಂತ ಎರಡೇ ದೊಡ್ಡದಾಯಿತು. ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯ ಬಗ್ಗೆಯೇ ಬರೆದಿದ್ದರು. ಅನೇಕ ದೇಶಗಳಲ್ಲಿ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಅಳೆಯುತ್ತಾರೆ, ಆ ಕ್ರಮವೇ ಸರಿ. ಮೈಲೇಜ್ ಚೆನ್ನಾಗಿರುವ ಎರಡು ಸಣ್ಣ ಕಾರುಗಳ ನಡುವೆ ಮೂರು ನಾಲ್ಕು ಕಿಲೋಮೀಟರ್ ಅಂತರಕ್ಕಾಗಿ ಹೆಚ್ಚು ಹಣ ಕೊಡಲು ಹೊರಟಿದ್ದರೆ, ನಿಮ್ಮ ವರ್ಷದ ಓಟವನ್ನು ಎರಡೂ ಸಂಖ್ಯೆಗಳಿಂದ ಭಾಗಿಸಿ ಎಷ್ಟು ಲೀಟರ್ ಉಳಿಯುತ್ತದೆ ಎಂದು ನೋಡಿ. ಬಹುತೇಕ ಸಲ ಆ ಹಣ ಕೈಯಲ್ಲೇ ಇರುವುದು ಮೇಲು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ನನ್ನ ಕಥೆ ಕೇಳಿದ್ದ ನನ್ನ ತಮ್ಮ ಒಂದು ಹಳೆಯ ಪೆಟ್ರೋಲ್ ಕಾರು ನೋಡಲು ಹೋಗಿದ್ದ. ಮೀಟರಿನಲ್ಲಿ 28,000 ಕಿಲೋಮೀಟರ್ ಇತ್ತು. ಕ್ಲಚ್ ಪೆಡಲ್ಲಿನ ರಬ್ಬರ್ ಮಾತ್ರ ಒಂದು ಬದಿಗೆ ಪೂರ್ತಿ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಅಷ್ಟು ಕಡಿಮೆ ಓಡಿದ ಕಾರಿನಲ್ಲಿ ಅದು ಆಗುವಂಥದ್ದಲ್ಲ. ಸರ್ವೀಸ್ ದಾಖಲೆ ಕೇಳಿದಾಗ ಕಳೆದುಹೋಗಿದೆ ಎಂದರು. ಅವನು ಅಲ್ಲಿಂದ ಎದ್ದು ಬಂದ. ಟೈರಿನ ಮೇಲಿನ ನಾಲ್ಕು ಅಂಕಿಗಳನ್ನೂ ನೋಡಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಕಾರಿನ ವಯಸ್ಸಿಗೂ ಟೈರಿಗೂ ಮೀಟರಿಗೂ ತಾಳೆಯಾಗದಿದ್ದರೆ ಕಾರಣ ಕೇಳಿ.

ನಿಮ್ಮ ಬಳಿ ಕಾರು ಈಗಾಗಲೇ ಇದ್ದು ನಿಜವಾದ ಮೈಲೇಜ್ ತಿಳಿಯಬೇಕಾದರೆ ಪರದೆಯನ್ನು ನಂಬಬೇಡಿ. ಟ್ಯಾಂಕ್ ತುಂಬಿಸಿ, ನಳಿಕೆ ತಾನಾಗಿ ನಿಂತಾಗ ನಿಲ್ಲಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ಟ್ಯಾಂಕ್ ಬಹುತೇಕ ಖಾಲಿಯಾದ ಮೇಲೆ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೂರು ಸಲ ಮಾಡಿದರೆ ಸತ್ಯ ಗೊತ್ತಾಗುತ್ತದೆ.

ಜರಡಿಯನ್ನು ಎರಡು ಸಲ ಸ್ವಚ್ಛ ಮಾಡಿಸಿ, ಆಯಿಲ್ ಬದಲಿಸಿ, ಕೊನೆಗೆ ಆ ಕಾರನ್ನು ಮಾರಿದೆ. ಕೊಂಡವರು ದಿನಕ್ಕೆ 120 ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಾಡುವವರು. ಆದದ್ದನ್ನೆಲ್ಲ ಒಂದೂ ಬಿಡದೆ ಅವರಿಗೆ ಹೇಳಿದೆ, ಬಿಲ್ಲುಗಳನ್ನು ತೋರಿಸಿದೆ. ಬೆಲೆ ಇಳಿಸಿ ಕೇಳಿದರು, ಕೊಟ್ಟೆ. ನನ್ನ ಹತ್ತಿರ ಈಗ ಇರುವುದು ಸಣ್ಣ ಪೆಟ್ರೋಲ್ ಕಾರು, ನನ್ನ ದಾರಿಯಲ್ಲಿ ಲೀಟರಿಗೆ 15 ಕೊಡುತ್ತದೆ. ಹೋದ ತಿಂಗಳು ಡೀಸೆಲ್ ಕಾರು ಕೊಂಡವರು ಫೋನ್ ಮಾಡಿದ್ದರು. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದು ನೋಡಿದರಂತೆ. ಅದೇ ಕಾರು ಅವರಿಗೆ 22 ಕೊಡುತ್ತಿದೆ, ಹಳದಿ ದೀಪ ಒಮ್ಮೆಯೂ ಹತ್ತಿಲ್ಲ.