ಬಿಸಿಲಿಗೆ ಬಣ್ಣ ಬದಲಿಸುವ ಕನ್ನಡಕವೋ, ಕನ್ನಡಕದ ಮೇಲೊಂದು ಕನ್ನಡಕವೋ?
ಬಿಸಿಲಿಗೆ ತಾನಾಗಿ ಕಪ್ಪಾಗುವ ಫೋಟೋಕ್ರೋಮಿಕ್ ಮಸೂರಗಳಿಗೆ ನಾನು ತೆತ್ತ ಹಣದ ಐದನೇ ಒಂದು ಭಾಗಕ್ಕೆ ಸಿಕ್ಕ, ನಂಬರಿನ ಕನ್ನಡಕದ ಮೇಲೆಯೇ ಹಾಕಿಕೊಳ್ಳುವ ಅಗಲ ಬದಿಯ ತಂಪು ಕನ್ನಡಕವೇ ಕಳೆದೆರಡು ಬೇಸಿಗೆಗಳಲ್ಲಿ ನನ್ನ ಕಣ್ಣಿಗೆ ಆಸರೆಯಾಗಿದೆ.

ಫೋಟೋಕ್ರೋಮಿಕ್ ಮಸೂರವು ಕಪ್ಪಾಗುವುದಕ್ಕೆ ಕಾರಣ ಬಿಸಿಲಿನ ಪ್ರಖರತೆಯಲ್ಲ, ಅದರಲ್ಲಿರುವ ನೇರಳಾತೀತ ಕಿರಣ. ಕಾರಿನ ಮುಂಗಾಜಿನ ಎರಡು ಪದರಗಳ ನಡುವಿನ ಪ್ಲಾಸ್ಟಿಕ್ ಹಾಳೆ ಆ ಕಿರಣವನ್ನು ಬಹುಮಟ್ಟಿಗೆ ತಡೆದುಬಿಡುವುದರಿಂದ, ಇಳಿಹೊತ್ತಿನ ಸೂರ್ಯ ನೇರವಾಗಿ ಮುಖಕ್ಕೆ ರಾಚುತ್ತಿದ್ದರೂ ನನ್ನ ಮಸೂರಗಳು ತಿಳಿಯಾಗಿಯೇ ಉಳಿಯುತ್ತಿದ್ದವು. ನಾನು ಕತ್ತನ್ನು ನೀಳ ಮಾಡಿ ನೆರಳು ಹುಡುಕುತ್ತಾ ಕಾರು ಓಡಿಸುತ್ತಿದ್ದೆ. ಕೊಳ್ಳುವಾಗ ಅಂಗಡಿಯವರು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸೆಕೆಯ ತೊಂದರೆ ಬೇರೆ. ಬಿಸಿ ಹೆಚ್ಚಿದಷ್ಟೂ ಮಸೂರದಲ್ಲಿನ ಅಣುಗಳು ಬೇಗನೆ ತಿಳಿ ಸ್ಥಿತಿಗೆ ಮರಳುವುದರಿಂದ, ಚಳಿಗಾಲದ ಬೆಳಗಿನಲ್ಲಿ ಕಡುಗಪ್ಪಾಗುವ ಮಸೂರ ಸುಡುಮಧ್ಯಾಹ್ನದಲ್ಲಿ ಮಬ್ಬುಬೂದಿಯಷ್ಟೇ ಆಗುತ್ತದೆ. ಒಳಗೆ ಬಂದ ಮೇಲೆ ತಿಳಿಯಾಗಲು ಕೆಲವು ನಿಮಿಷ ಬೇಕಾಗುವುದರಿಂದ, ಒಮ್ಮೆ ಮಬ್ಬು ಬೆಳಕಿನ ಮೆಟ್ಟಿಲಲ್ಲಿ ಕಾಲಿನಿಂದ ತಡಕಾಡಿದ್ದೂ ಉಂಟು. ನ್ಯಾಯವಾಗಿ ಹೇಳಬೇಕೆಂದರೆ, ಒಳ್ಳೆಯ ಫೋಟೋಕ್ರೋಮಿಕ್ ಮಸೂರಗಳು ತಿಳಿಯಾಗಿರುವಾಗಲೂ ನೇರಳಾತೀತ ಕಿರಣವನ್ನು ತಡೆಯುತ್ತವೆ. ನನಗೆ ಸಿಗದೆ ಹೋದದ್ದು ತಂಪು ಮಾತ್ರ.

ಬಣ್ಣಕ್ಕೂ ರಕ್ಷಣೆಗೂ ಸಂಬಂಧವಿಲ್ಲವೆಂಬುದು ಇಲ್ಲಿಯೇ ನನಗೆ ಅರ್ಥವಾದದ್ದು. ನೇರಳಾತೀತ ತಡೆಯಿಲ್ಲದ ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗಿ, ಆ ಕಿರಣ ಕಣ್ಣಿನೊಳಕ್ಕೆ ಇನ್ನಷ್ಟು ಇಳಿಯಬಹುದು. ಆದ್ದರಿಂದ ಎರಡನೆಯ ಸಲ, ಮೇಲೆ ಹಾಕುವ ಈ ಕನ್ನಡಕವನ್ನು, 400 ನ್ಯಾನೋಮೀಟರ್‌ವರೆಗಿನ (ಅಂದರೆ ನೇರಳಾತೀತದ ಪೂರ್ತಿ) ಕಿರಣವನ್ನು ತಡೆಯುತ್ತದೆಂಬ ಗುರುತನ್ನು ನೋಡಿಯೇ ಕೊಂಡೆ. ಅದು ಪೋಲರೈಸ್ಡ್, ಅಂದರೆ ಪ್ರತಿಫಲಿಸಿ ಬರುವ ಬೆಳಕನ್ನು ಸೋಸುವಂಥದ್ದು, ಆಗಿರುವುದರಿಂದ ಒದ್ದೆ ರಸ್ತೆಯ ಹೊಳಪು ತಗ್ಗುತ್ತದೆ, ಆದರೆ ನೇರಳಾತೀತ ತಡೆ ಎಂಬುದು ಅದರಿಂದ ಬರುವುದಲ್ಲ. ಬದಿಯಿಂದಲೂ ಹುಬ್ಬಿನ ಮೇಲಿನಿಂದಲೂ ನುಸುಳುವ ಬೆಳಕನ್ನು ಇದು ಮುಚ್ಚುತ್ತದೆ. ಸನ್‌ಸ್ಕ್ರೀನ್ ಬೆವರಿನೊಡನೆ ಇಳಿದು ಕಣ್ಣು ಉರಿಯುತ್ತದೆಂದು ನಾನು ಬಿಟ್ಟೇಬಿಡುತ್ತಿದ್ದ ರೆಪ್ಪೆಯ ಚರ್ಮಕ್ಕೂ ಈಗ ನೆರಳಿದೆ. ಕೆನ್ನೆ, ಮೂಗು, ಕತ್ತಿಗೆ ಮಾತ್ರ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚುವುದು ತಪ್ಪಿಲ್ಲ.

ಇದರಲ್ಲಿ ಕುಂದಿಲ್ಲವೆಂದಲ್ಲ: ಮೊಬೈಲನ್ನು ಅಡ್ಡ ತಿರುಗಿಸಿದರೆ ಪರದೆ ಕಪ್ಪಾಗುತ್ತದೆ, ಸಂಜೆಯ ಹೊತ್ತಿಗೆ ಕಿವಿಯ ಹಿಂದೆ ನೋವು, ಮೇಲಾಗಿ ಮನೆಯವರಿಗೆ ನಾನು ವೆಲ್ಡಿಂಗ್ ಕೆಲಸಕ್ಕೆ ಹೊರಟವನಂತೆ ಕಾಣುತ್ತೇನೆ.

ನಡುವೆ ಪ್ರಯತ್ನಿಸಿದ, ನಂಬರಿನ ಕನ್ನಡಕಕ್ಕೇ ಸಿಕ್ಕಿಸುವ ಕ್ಲಿಪ್-ಆನ್ ಹಗುರವಾಗಿತ್ತು, ಆದರೆ ಬದಿ ತೆರೆದೇ ಇತ್ತು, ಮಸೂರದ ಮೂಲೆಗೆ ಗೀರೂ ಬಿತ್ತು. ಅಗಲ ಅಂಚಿನ ಟೋಪಿ ಯಾವುದರ ಜೊತೆಗಾದರೂ ಒಳ್ಳೆಯದು.

ಕಾರು ಓಡಿಸದೆ, ದಿನವೆಲ್ಲ ಒಳಗೆ ಹೊರಗೆ ಓಡಾಡುವವರಿಗೆ ಫೋಟೋಕ್ರೋಮಿಕ್ ಹಿಡಿಸಬಹುದು. ನನ್ನ ಹಗಲಿನ ಅರ್ಧ ಭಾಗ ಸ್ಟೀರಿಂಗ್ ಹಿಂದೆಯೇ ಕಳೆಯುತ್ತದೆ. ಜೊತೆಗೆ, ಈಚೆಗೆ ಕಣ್ಣಿನ ನಂಬರು ಬದಲಾದಾಗ ದುಬಾರಿ ಮಸೂರಗಳು ಪೆಟ್ಟಿಗೆ ಸೇರಿದವು, ಮೇಲಿನ ಕನ್ನಡಕವೋ ಹೊಸ ಫ್ರೇಮಿನ ಮೇಲೆ ಹಾಗೆಯೇ ಕೂತಿತು.