2014ರ ಲ್ಯಾಪ್‌ಟಾಪ್, ವಿಂಡೋಸ್ 10, ಮತ್ತು ನಾನು ಯಾಕೆ 11ಕ್ಕೆ ಹೋಗಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಬರೆದಿದ್ದಲ್ಲ. ಮನೆಯಲ್ಲಿ ಹತ್ತು ವರ್ಷ ದಾಟಿದ ಒಂದು ಯಂತ್ರ ಇನ್ನೂ ಕೆಲಸ ಮಾಡುತ್ತಿದೆ, ಪರದೆ ಮೇಲೆ "ವಿಂಡೋಸ್ 10ರ ಬೆಂಬಲ ಮುಗಿಯಿತು" ಅಂತ ಬರುತ್ತಿದೆ, ಏನು ಮಾಡೋದು ಗೊತ್ತಾಗ್ತಿಲ್ಲ ಅನ್ನುವವರಿಗೆ.

ನನ್ನದು 2014ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡಿದ್ದು. ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ಜೊತೆಗೆ ವಿಂಡೋಸ್ 8.1. ಶಿರಸಿಯಲ್ಲಿ ಮನೆಯಿಂದಲೇ ಟೈಪಿಂಗ್ ಕೆಲಸ ಮಾಡುತ್ತೇನೆ: ಮದುವೆ ಆಮಂತ್ರಣ, ಸೊಸೈಟಿ ನಡಾವಳಿ, ಅರ್ಜಿ, ಅಪರೂಪಕ್ಕೆ ಯಾರದೋ ಕವನ ಸಂಕಲನ. ಆಟ, ವಿಡಿಯೊ ಎಡಿಟಿಂಗ್ ಏನೂ ಇಲ್ಲ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ, ವರ್ಡ್, ಬ್ರೌಸರ್, ಪ್ರಿಂಟರ್, ಅಷ್ಟೇ ನನ್ನ ಪ್ರಪಂಚ.

2016ರ ಜುಲೈ 29ಕ್ಕೆ ಉಚಿತ ಅಪ್‌ಗ್ರೇಡ್ ಕೊಡುಗೆ ಮುಗಿಯುತ್ತೆ ಅಂತ ಎಲ್ಲರೂ ಗಡಿಬಿಡಿ ಮಾಡುತ್ತಿದ್ದಾಗ ನಾನೂ 10ಕ್ಕೆ ಹೋದೆ. ಆಮೇಲಿನ ಮೂರು ವರ್ಷ ಕೇಳಬೇಡಿ. ಬಟನ್ ಒತ್ತಿ, ಚಾಕ್ಕೆ ನೀರಿಟ್ಟು, ಚಾ ಕುಡಿದು, ಲೋಟ ತೊಳೆದು ಬಂದರೂ ಆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ 100%. ಎಲ್ಲರ ಹಾಗೆ ನಾನೂ ವಿಂಡೋಸಿಗೇ ಬೈದೆ.

ತಪ್ಪು ಅದರದ್ದಾಗಿರಲಿಲ್ಲ. 2019ರಲ್ಲಿ ತಮ್ಮ ಬಂದವನು ಹಿಂದಿನ ಮುಚ್ಚಳ ಬಿಚ್ಚಿ ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿ ಎಸ್‌ಎಸ್‌ಡಿ ಹಾಕಿದ, ಸೆಕೆಂಡ್‌ ಹ್ಯಾಂಡ್‌ನಲ್ಲಿ ಸಿಕ್ಕಿದ 4 ಜಿಬಿ ರ‍್ಯಾಮ್ ಕಡ್ಡಿ ಒಂದನ್ನು ಸೇರಿಸಿದ. ಎರಡೂ ಸೇರಿ ಸುಮಾರು ಮೂರೂವರೆ ಸಾವಿರ. ಅದೇ ವಿಂಡೋಸ್ 10 ಅರ್ಧ ನಿಮಿಷದೊಳಗೆ ತೆರೆದುಕೊಂಡಿತು. ಹಳೇ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಜಾಗ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಏನಿಲ್ಲ. ನಿಮ್ಮದರಲ್ಲಿ ಇನ್ನೂ ಹಾರ್ಡ್‌ಡಿಸ್ಕೇ ಇದ್ದರೆ ಈ ವಿಮರ್ಶೆ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಬದಲಾಯಿಸಿ ಬನ್ನಿ.

ಈಗ ವಿಷಯಕ್ಕೆ. 2025ರ ಅಕ್ಟೋಬರ್ 14ಕ್ಕೆ 10ರ ಸಾಮಾನ್ಯ ಬೆಂಬಲ ಮುಗಿಯಿತು. 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಯುವ ಚಿಪ್) ಬೇಕು, ಸೆಕ್ಯೂರ್ ಬೂಟ್ (ಯಂತ್ರ ಶುರುವಾಗುವಾಗ ಕಳ್ಳ ತಂತ್ರಾಂಶ ನುಸುಳದಂತೆ ತಡೆಯುವ ವ್ಯವಸ್ಥೆ) ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ನನ್ನದು ನಾಲ್ಕನೆಯದು. ಪರೀಕ್ಷೆಯ ಆ್ಯಪ್ ಓಡಿಸಿದೆ, ಕೆಂಪು ಗುರುತು ಹಾಕಿ ಕೈ ತೊಳೆದುಕೊಂಡಿತು. ಪೇಟೆಯ ಒಂದು ಅಂಗಡಿಯವರು "ಐನೂರು ಕೊಡಿ, 11 ಹಾಕಿಕೊಡ್ತೀವಿ, ಆಫೀಸೂ ಫ್ರೀ" ಅಂದರು. ಯಾವ ಪೆನ್‌ಡ್ರೈವು, ಅದರೊಳಗೆ ಏನೇನಿದೆ ದೇವರಿಗೇ ಗೊತ್ತು. ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ ಯಂತ್ರಕ್ಕೆ ಅದು ಬೇಡ ಅಂತ ಬಂದೆ.

ಆದರೂ ಕುತೂಹಲ ಬಿಡಬೇಕಲ್ಲ. ತಮ್ಮನ ಹತ್ತಿರ ಸುಮ್ನೆ ಬಿದ್ದಿದ್ದ 120 ಜಿಬಿ ಎಸ್‌ಎಸ್‌ಡಿ ಇಸಿದುಕೊಂಡು, ನನ್ನದನ್ನು ಬಿಚ್ಚಿ ಡಬ್ಬಿಯಲ್ಲಿ ಭದ್ರವಾಗಿಟ್ಟು, ಅದರ ಜಾಗದಲ್ಲಿ ಇದನ್ನು ಹಾಕಿ ಪ್ರಯೋಗ ಮಾಡಿದೆ. ಇದೊಂದು ಮಾತು ನೆನಪಿಡಿ: ಪ್ರಯೋಗ ಬೇರೆ ಡಿಸ್ಕಿನ ಮೇಲೆ ಮಾಡಿ. ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿದರೆ ಹಳೆಯದು ಹಾಗೇ ವಾಪಸ್ ಬರುತ್ತೆ. (ನನ್ನದರಲ್ಲಿ ಈಗ ಮೂರೇ ಸ್ಕ್ರೂ. ಒಂದು ಮಂಚದಡಿ ಎಲ್ಲೋ ಇದೆ.)

ರೂಫಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಟಿಪಿಎಂ ತಪಾಸಣೆ ತಪ್ಪಿಸುವ ಆಯ್ಕೆ ಇದೆ. ಅದರಿಂದ 11 ಕೂತಿತು, ನಿಜ. ಮೂರು ವಾರ ಓಡಿಸಿದೆ. ನೋಡೋಕೆ ಚೆಂದ. ಆದರೆ ಏನೂ ತೆರೆಯದೆ ಸುಮ್ಮನೆ ಬಿಟ್ಟರೂ 3 ಜಿಬಿಗಿಂತ ಜಾಸ್ತಿ ರ‍್ಯಾಮ್ ನುಂಗಿ ಕೂತಿರುತ್ತಿತ್ತು, ಫ್ಯಾನ್ ಗುಂಯ್ ಅನ್ನುತ್ತಿತ್ತು. ಟಚ್‌ಪ್ಯಾಡಿನಲ್ಲಿ ಎರಡು ಬೆರಳಿಟ್ಟು ಪುಟ ಜಾರಿಸೋದು ನಿಂತೇಹೋಯಿತು, ಲ್ಯಾಪ್‌ಟಾಪ್ ಮಾಡಿದವರ ತಾಣದಲ್ಲಿ ಈ ಮಾದರಿಗೆ ಹೊಸ ಡ್ರೈವರೇ ಇಲ್ಲ. ಜೊತೆಗೆ, ಹೀಗೆ ಹಿಂಬಾಗಿಲಿನಿಂದ ಹೋದ ಯಂತ್ರಗಳಿಗೆ ಅಪ್‌ಡೇಟ್ ಸಿಕ್ಕೇ ಸಿಗುತ್ತೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಅಪ್‌ಗ್ರೇಡ್ ಮಾಡಿ ಕೊನೆಗೆ ಅದೇ ಖಾತ್ರಿ ಇಲ್ಲ ಅಂದರೆ ಏನು ಬಂತು?

ಆಮೇಲೆ ಅದೇ ಡಿಸ್ಕಿಗೆ ಲಿನಕ್ಸ್ ಮಿಂಟ್ 22 ಹಾಕಿದೆ, ವಿಂಡೋಸಿನ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ; ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಮಾತ್ರ ನಿಜಕ್ಕೂ ಮನಸ್ಸಿಗೆ ಹಿಡಿಸಿತು. ಹಗುರ, ಫ್ಯಾನ್ ಸದ್ದಿಲ್ಲ, 2029ರವರೆಗೆ ಬೆಂಬಲ, ದುಡ್ಡಿಲ್ಲ. ಟಚ್‌ಪ್ಯಾಡು ಕೂಡ ಏನೂ ಮಾಡದೆ ಸರಿಹೋಯಿತು. ನನ್ನ ಹೆದರಿಕೆ ಇದ್ದದ್ದು ಕನ್ನಡದ್ದು. ಹದಿನೈದು ವರ್ಷದಿಂದ ಕೆಪಿಜಿ ಅಲ್ಲ, ಕೆಜಿಪಿ ಕೀಲಿಮಣೆಯಲ್ಲೇ (ನೋಡಿ, ಅದನ್ನು ಬರೆಯುವಾಗಲೇ ಬೆರಳು ತಪ್ಪುತ್ತೆ) ಹೊಡೆದವನು ನಾನು. ಟ ಅಂದರೆ ಕ್ಯೂ, ಡ ಅಂದರೆ ಡಬ್ಲ್ಯೂ, ಒತ್ತು ಬೇಕಾದರೆ ಎಫ್, ಇದು ತಲೆಯಲ್ಲಿಲ್ಲ, ಬೆರಳಲ್ಲಿದೆ. ಮಿಂಟ್‌ನಲ್ಲಿ ಐಬಸ್ ಮತ್ತು ಎಂ17ಎನ್ ಅನ್ನುವ ಟೈಪಿಂಗ್ ಸಾಧನಗಳನ್ನು ಹಾಕಿಕೊಂಡರೆ ಅದೇ ಕೆಜಿಪಿ ವಿನ್ಯಾಸ ಸಿಗುತ್ತೆ. "ರಾಷ್ಟ್ರ" ಅಂತ ಹೊಡೆದು ನೋಡಿದೆ, ಮೂರಂತಸ್ತಿನ ಒತ್ತಕ್ಷರ ಸರಿಯಾಗಿ ಕೂತಿತು.

ಆದರೆ ಅದು ಯುನಿಕೋಡ್, ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ; ಹಳೇ ನುಡಿ ಫಾಂಟಿನದು ಬೇರೆ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಹಳೇ ನುಡಿ ಫಾಂಟಿನ ಫೈಲೇ ಕೊಡುತ್ತಾರೆ, ಪ್ರೆಸ್ಸಿನವರು ಅದನ್ನೇ ಕೇಳುತ್ತಾರೆ. ಫಾಂಟ್ ಹಾಕಿಕೊಂಡರೆ ಲಿಬ್ರೆ ಆಫೀಸಿನಲ್ಲಿ ಓದಬಹುದು, ತಿದ್ದಲು ನುಡಿಯೇ ಬೇಕು, ನುಡಿಗೆ ವಿಂಡೋಸ್ ಬೇಕು. ಮೇಲಿಂದ ಪ್ರಿಂಟರ್. ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವಂಥ ಹಳೇ ಬಿಳಿ ಲೇಸರ್ ಪ್ರಿಂಟರ್ ನನ್ನದು. ಲಿನಕ್ಸಿನಲ್ಲಿ ಅದರಿಂದ ಒಂದು ಹಾಳೆ ಹೊರಡಿಸಲು ಎರಡು ಸಂಜೆ ಕಳೆದೆ, ಮಾರನೇ ದಿನ ಮತ್ತೆ ಮೌನ. ಮಿಂಟ್ ಕೆಟ್ಟದ್ದಲ್ಲ, ನನ್ನ ಹೊಟ್ಟೆಪಾಡಿಗೆ ಹೊಂದಲಿಲ್ಲ. ಬರೀ ಬ್ರೌಸರ್, ಮೇಲ್, ಮಕ್ಕಳ ಓದು ಅನ್ನುವವರು ಕಣ್ಣುಮುಚ್ಚಿ ಹೋಗಿ.

ಹಾಗಾಗಿ 10ರಲ್ಲೇ ಉಳಿದೆ. ಆದರೆ ಸುಮ್ನೆ ಉಳಿದಿಲ್ಲ. ಇಎಸ್‌ಯು ಅಂತ ಒಂದಿದೆ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. 30 ಡಾಲರ್ ಅಂತ ಕೇಳಿ ಗಾಬರಿಯಾಗಬೇಡಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ. ನಾನು ಹಾಗೇ ಮಾಡಿದ್ದು, ಐದು ನಿಮಿಷದ ಕೆಲಸ.

ಹಳೇ ವಿಂಡೋಸ್ ನಿಜವಾಗಿ ಕೈಕೊಡೋದು ಬ್ರೌಸರ್ ಕೈಬಿಟ್ಟ ದಿನ ಅನ್ನೋದು ನನ್ನ ಅಂದಾಜು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿದರೂ ಕ್ರೋಮ್ ಅದನ್ನು ಬಿಟ್ಟದ್ದು 2023ರಲ್ಲಿ. ಇಎಸ್‌ಯು ಮುಗಿದ ಮೇಲೆ ನನ್ನ ಬ್ಯಾಂಕು, ಮೇಲು ಎಲ್ಲ ಮಿಂಟ್ ಡಿಸ್ಕಿಗೆ ಹೋಗುತ್ತೆ. ನುಡಿ, ಪ್ರಿಂಟರ್ ಮಾತ್ರ 10ರಲ್ಲಿ, ಅದಕ್ಕೆ ಇಂಟರ್ನೆಟ್ ಕೊಡೋದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು: ಯಾವುದೇ ಅಪ್‌ಗ್ರೇಡ್ ಆಗಲಿ, ಮಳೆಗಾಲದಲ್ಲಿ ಮಾಡಬೇಡಿ. ಜುಲೈನಲ್ಲಿ ಕರೆಂಟು ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ನನ್ನ ಬ್ಯಾಟರಿ ಎಂಟು ನಿಮಿಷ ನಿಲ್ಲುತ್ತೆ. ಒಮ್ಮೆ ಅಪ್‌ಡೇಟ್ 64% ಆಗಿದ್ದಾಗ ಕರೆಂಟ್ ಹೋಗಿ, ಬಂದಮೇಲೆ ಅದು ಹಿಂದಕ್ಕೆ ಸರಿದು ಮೊದಲಿನ ಸ್ಥಿತಿಗೆ ಬರಲು ಒಂದೂವರೆ ತಾಸು ಹಿಡಿದಿತ್ತು, ಅಷ್ಟೂ ಹೊತ್ತು ನಾಳೆ ಕೊಡಬೇಕಾದ ಆಮಂತ್ರಣ ಅದರೊಳಗೇ ಇತ್ತು. ಹೊಸ ಬ್ಯಾಟರಿಗೆ ಎರಡು ಸಾವಿರ ಹೇಳಿದ್ದಾರೆ. ಈ ಸಲ ಮಳೆ ಹಿಡಿಯುವ ಮೊದಲು ಹಾಕಿಸಬೇಕು.