ಹದಿನಾಲ್ಕು ತಿಂಗಳ ಮೇಲೆ: ಸ್ಟೀರಿಯೋ ಮೀಟಿಂಗ್ ಸ್ಪೀಕರ್, ಕಲಬುರಗಿ ಮನೆ

ಇದು ಮನೆಯವರೆಲ್ಲ ಕೂತು ಕಾಲ್‌ನಲ್ಲಿ ಮಾತಾಡಲಿಕ್ಕೆ ಇರುವ ಸೆಟ್. ಆ ಕಡೆಯವರು ಎಡಕ್ಕಿದ್ದರೆ ಎಡದಿಂದ, ಬಲಕ್ಕಿದ್ದರೆ ಬಲದಿಂದ ದನಿ ಕೇಳುತ್ತದೆ. ನಾನು ಎರಡು ಸೆಟ್ ಕೊಂಡೆ. ಒಂದು ನಮ್ಮ ಮನೆಗೆ, ಒಂದು ಪುಣೆಯಲ್ಲಿರುವ ಮಗಳಿಗೆ. ಒಟ್ಟು 19,000. ಪೆನ್ಷನ್ ದುಡ್ಡು, ಅದಕ್ಕೇ ಸಿಟ್ಟು ಜಾಸ್ತಿ.

ಭಾನುವಾರ ಸಂಜೆ ಏಳಕ್ಕೆ ಎರಡು ಸ್ಪೀಕರ್ ಒರೆಸಿ ಟಿವಿ ಸ್ಟ್ಯಾಂಡಿನ ಎರಡು ತುದಿಗೆ ಇಡುತ್ತೇನೆ. ನಡುವೆ ಮೈಕ್, ಅದರಡಿಗೆ ಮಡಚಿದ ಟವೆಲ್. ಆಮೇಲೆ ಕೂಲರ್ ಬಂದ್. ಮೇ ತಿಂಗಳಲ್ಲಿ ಇದು ಸಣ್ಣ ಮಾತಲ್ಲ.

ಮಗಳು ಒಬ್ಬಳೇ ಮಾತಾಡಿದರೆ ಸ್ವಚ್ಛ. ಪಕ್ಕದಿಂದ ಅಳಿಯ ಬಾಯಿ ತೆರೆದರೆ ಮುಗೀತು. 'ಯಪ್ಪಾ, ನಮ್ ಮಾತ್ ನಮಗೇ ಹೊಳ್ಳಿ ಬರ್ಲಿಕತ್ತದ!' ಅಂತಾಳೆ ಮಗಳು. ಎರಡು ಮೂರು ಸೆಕೆಂಡಿಗೆ ಸರಿಹೋಗುತ್ತದೆ. ಅಷ್ಟರಲ್ಲಿ ಪುಣೆಯಲ್ಲಿ ಮೊಮ್ಮಗಳು ಸೋಫಾದ ಆ ತುದಿಗೆ ಓಡಿರುತ್ತಾಳೆ. ಮತ್ತೆ ಶುರು.

ಕಸ್ಟಮರ್ ಕೇರ್‌ನವರು ನೆಟ್ ನೋಡಿ ಸರ್ ಅಂದರು. ನೆಟ್ಟಿನದಲ್ಲ. ಅರ್ಧ ತಪ್ಪು ನಮ್ಮ ಹಾಲಿನದು. ನೆಲಕ್ಕೆ ಶಹಾಬಾದ್ ಫರ್ಸಿ, ಗೋಡೆ ಬೋಳು, ಸದ್ದು ಎಲ್ಲೂ ಇಂಗುವುದಿಲ್ಲ. ಜಮಖಾನೆ ಹಾಸಿ, ಗೋಡೆಗೆ ಅವ್ವನ ಕೌದಿ ತೂಗುಹಾಕಿದ ಮೇಲೆ ಎಷ್ಟೋ ತಗ್ಗಿತು. ಉಳಿದದ್ದು ಸ್ಟೀರಿಯೋದ್ದೇ. ಮೋನೋದಲ್ಲಿ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ದನಿ. ಅದು ಮೈಕಿಗೆ ಹೇಗೆ ಮುಟ್ಟುತ್ತದೆ ಅಂತ ಪೆಟ್ಟಿಗೆ ಕಲಿತು, ಮೈಕಿಗೆ ಬಂದದ್ದರಿಂದ ಅದನ್ನು ಕಳೆದುಬಿಡುತ್ತದೆ. ಸ್ಟೀರಿಯೋದಲ್ಲಿ ಎಡಕ್ಕೊಂದು ಬಲಕ್ಕೊಂದು ಹೋಗುತ್ತದೆ, ಆದರೆ ಎರಡೂ ಒಬ್ಬರದೇ ದನಿ. ಯಾವ ಕಡೆಯಿಂದ ಎಷ್ಟು ಅಂತ ಬಿಡಿಸೋದು ಹೇಗೆ? ಇಬ್ಬರು ಸೇರಿ ನೂರು ರೂಪಾಯಿ ಕೊಟ್ಟರು, ಯಾರದೆಷ್ಟು ಹೇಳು ಅಂದಂತೆ. ಹೇಗೋ ನೂರು ಕೂಡಿಸಿ ಸುಮ್ಮನಾಗುತ್ತದೆ. ಮಾತಾಡುವವರು ಜಾಗ ಬದಲಿಸಿದರೆ ಲೆಕ್ಕ ಕೆಡುತ್ತದೆ. ಎಡ ಬಲದ ದನಿಯನ್ನು ಕಿವಿಗೆ ಗೊತ್ತಾಗದಷ್ಟು ಬೇರೆ ಮಾಡಿ ಇದನ್ನು ತಗ್ಗಿಸುವ ಉಪಾಯ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲೇ ತೋರಿಸಿದ್ದಾರೆ. ನನ್ನ ಪೆಟ್ಟಿಗೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತದೆ.

ಸಾಕಾಗಿ ಎಂಟು ತಿಂಗಳು ಮೋನೋದಲ್ಲೇ ಇಟ್ಟೆ. ಕಿರಿಕಿರಿ ಹೋಯಿತು. ಒಂದು ಭಾನುವಾರ ಅವ್ವ, 'ಕೂಸು ಎಲ್ಲಿ ಅದ, ತಿಳೀವಲ್ದು' ಅಂದಳು. ಅವಳಿಗೆ ಕಣ್ಣು ಮಂದ. ಸ್ಟೀರಿಯೋಗೆ ಹಾಕಿದೆ. ಮೊಮ್ಮಗಳು ಗೆಜ್ಜೆ ಕಟ್ಟಿಕೊಂಡು ಎಡದಿಂದ ಬಲಕ್ಕೆ ಓಡಿದಳು. ಅವ್ವನ ಮುಖ ನಿಧಾನಕ್ಕೆ ಅದರ ಹಿಂದೆಯೇ ತಿರುಗಿತು.

ಈಗ ಮೊದಲ ಅರ್ಧ ಗಂಟೆ ಮೋನೋ. ಕರೆಂಟ್ ಬಿಲ್, ತೊಗರಿ ರೇಟು, ಅಳಿಯನ ಆಫೀಸು. ಆಮೇಲೆ ಸ್ಟೀರಿಯೋ. ಎಕೋ ಕೇಳುವುದು ಆ ಕಡೆಗೆ ಅಲ್ವಾ, ಮಗಳು ಸಹಿಸುತ್ತಾಳೆ. ಮೊಮ್ಮಗಳಂತೂ ತನ್ನ ಕೂಗು ಹೊಳ್ಳಿ ಬಂದರೆ ಇನ್ನೊಂದು ಸಲ ಕೂಗುತ್ತಾಳೆ.

ಐದಕ್ಕೆ ಮೂರೂವರೆ ಸ್ಟಾರ್.